ರಘುಪತಿಯವರ ಹನ್ನೊಂದು ಟೈ

ನವೆಂಬರ್ 9, ಭಾನುವಾರ. ಬೆಳಗ್ಗೆ 10

ಗಂಜಿ ಅರ್ಧ ಬಟ್ಟಲು. ಬಿಪಿ ಮಾತ್ರೆ ಆಯಿತು. ಬಲಗೈಗೆ ಎಣ್ಣೆ ಹಚ್ಚಿ ಉಜ್ಜಿದೆ — ಮರದ ತುಂಡು. ಇವರು ಆಡಿದ ಮಾತು: ‘ಹ್ಞಾ’. ಬೇರೆ ಇಲ್ಲ. ಮಾತು ಕಲಿಸಲು ಬರುವ ತನ್ವಿ ದಿನವೂ ಬರೆದಿಡಿ ಎಂದಿದ್ದಾಳೆ. ಸ್ಟ್ರೋಕ್ ಆಗಿ ಏಳು ತಿಂಗಳು, ಅದೇ ಒಂದು ಅಕ್ಷರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಇದನ್ನು ಬರೆಯಲು ಕಷ್ಟವಿಲ್ಲ.

ಮಗಳು ದಿಶಾಳ ಫೋನು. ಅಭಿಜಿತ್‌ನ ಜೊತೆ ಮದುವೆ ರಿಜಿಸ್ಟರ್ ಆಗಿದೆ, ಮೂವತ್ತಕ್ಕೆ ಖಾರಘರದಲ್ಲಿ ರಿಸೆಪ್ಷನ್.

“ಅಮ್ಮಾ, ಪಪ್ಪ ಸ್ಟೇಜ್ ಮೇಲೆ ಬೇಕು ಹಾಂ. ಸೂಟ್, ಟೈ, ಸಬ್ ಕುಛ್. ಅಭಿಜಿತ್‌ನ ಬಾಬಾನೂ ಸೂಟಲ್ಲೇ ಇರ್ತಾರೆ.”

ಕಪಾಟು ತೆಗೆದೆ. ಹನ್ನೊಂದು ಟೈ. ಒಂದೊಂದೇ ಹಿಡಿದು ಕೇಳಿದೆ.

“ಇದಾ?”

“ಹ್ಞಾ.”

“ಇದಾ?”

“ಹ್ಞಾ.”

ಹನ್ನೊಂದಕ್ಕೂ ಹ್ಞಾ. ಸಿಟ್ಟು ಬಂತು. ಹೆಗಲ ಮೇಲಿದ್ದ, ಮೈ ಒರೆಸಿದ ಒದ್ದೆ ಬೈರಾಸು ಎತ್ತಿ ಹಿಡಿದು ಕೇಳಿದೆ. ಅದಕ್ಕೂ ಹ್ಞಾ.

ನವೆಂಬರ್ 10. ಮಧ್ಯಾಹ್ನ

ಇವರು ಮೂವತ್ತೊಂದು ವರ್ಷ ಔಷಧಿ ಕಂಪನಿಯಲ್ಲಿ ಮೆಡಿಕಲ್ ರೆಪ್. ಡೊಂಬಿವಲಿಯ ನೂಕುನುಗ್ಗಲಿನಲ್ಲಿ ಟೈ ಕಟ್ಟಿಕೊಂಡು ರೈಲು ಹತ್ತಿದರೆ ಇಳಿಯುವಾಗ ಕುತ್ತಿಗೆ ಉಳಿಯುವುದಿಲ್ಲ ಎಂದು ಗಂಟು ಹಾಕಿದ ಟೈಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಇಳಿದ ಮೇಲೆ ತಲೆಯಿಂದ ತೂರಿಸಿ ಎಳೆದರೆ ಮುಗಿಯಿತು. ಗಂಟು ಬಿಚ್ಚುವ ಪದ್ಧತಿಯೇ ಇಲ್ಲ.

ಒಮ್ಮೆ ನಾನು ಹೇಳಿದ್ದೆ, ನಾಯಿಗೆ ಪಟ್ಟಿ ಹಾಕಿದ ಹಾಗೆ ಕಾಣುತ್ತದೆ ಎಂದು. “ಪಟ್ಟಿ ಉಂಟಲ್ಲಾ, ಮುನ್ಸಿಪಾಲ್ಟಿಯವರು ಹಿಡಿಯುದಿಲ್ಲ ಮಾರಾಯ್ತಿ” ಎಂದು ನಕ್ಕಿದ್ದರು. ಯಾವ ದಿನಕ್ಕೆ ಯಾವ ಟೈ, ಏಕೆ — ಒಂದು ದಿನವೂ ಹೇಳಿದವರಲ್ಲ. ನಾನೂ ಕೇಳಿದವಳಲ್ಲ. ಊಟದ ಡಬ್ಬಿ ಕಟ್ಟುವುದರಲ್ಲೇ ನನ್ನ ಬೆಳಗು ಮುಗಿಯುತ್ತಿತ್ತು.

ನವೆಂಬರ್ 12. ಸಂಜೆ

ತಪ್ಪು ಮಾಡಿದೆ. ಬರೆಯಲೂ ನಾಚಿಕೆ.

ಟೈಗಳೆಲ್ಲ ಮುಗ್ಗಲು ವಾಸನೆ. ಹನ್ನೊಂದರ ಗಂಟನ್ನೂ ಬಿಚ್ಚಿ, ಸೋಪಿನ ನೀರಿನಲ್ಲಿ ನೆನೆಹಾಕಿ, ಹಿಂಡಿ, ಬಾಲ್ಕನಿಯಲ್ಲಿ ಒಣಹಾಕಿ, ಇಸ್ತ್ರಿ ಮಾಡಿದೆ. ಹತ್ತು ರೇಷ್ಮೆಯವು. ಮುದುಡಿ ಹಪ್ಪಳವಾದವು. ಕಂಪನಿ ಕೊಟ್ಟ ನೀಲಿಯದೊಂದು ಪಾಲಿಯೆಸ್ಟರ್ ಅಂತೆ, ಉಳಿಯಿತು.

ಅದನ್ನೇ ತಂದು ತೋರಿಸಿದೆ. ಎಡಗೈಯಲ್ಲಿ ತೆಗೆದುಕೊಂಡರು. ಗಂಟು ಇದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಮತ್ತೆ ಸವರಿದರು. ಆಮೇಲೆ ಗೋಡೆಯ ಕಡೆ ತಿರುಗಿಬಿಟ್ಟರು. ಊಟ ಮುಟ್ಟಲಿಲ್ಲ.

ಮಗ ಸಂದೇಶ ಆಫೀಸಿನಿಂದ ಬಂದವನೇ ತಲೆಯ ಮೇಲೆ ಕೈ ಹೊತ್ತ.

“ಅಮ್ಮಾ, ಯಾರಾದ್ರೂ ಸಿಲ್ಕ್ ಟೈ ಒಗೀತಾರಾ?”

“ಮತ್ತೆ ಎಂತ, ಕೊಳೆ ಹಾಕಿಕೊಂಡು ಸ್ಟೇಜಿಗೆ ಹೋಗುದಾ?”

“ಟೈ ಹೋದ್ರೆ ಹೋಗ್ಲಿ. ಆ ಗಂಟು ಪಪ್ಪನೇ ಹಾಕಿದ್ದು.”

ಎರಡೂ ಕೈ ಇದ್ದಾಗ ಹಾಕಿದ್ದು. ಹನ್ನೊಂದನ್ನೂ ಕೂತು ಬಿಚ್ಚಿದೆ. ಒಂದು ಬಿಗಿಯಾಗಿತ್ತು ಎಂದು ಹಲ್ಲಿನಿಂದ ಎಳೆದೆ. ಆಗಲೂ ಹೊಳೆಯಲಿಲ್ಲ.

ನವೆಂಬರ್ 16, ಭಾನುವಾರ

ಸಂದೇಶನ ಜೊತೆ ಠಾಣೆಗೆ ಹೋಗಿದ್ದೆ, ಹೊಸ ಟೈಗೆ. ಇವರನ್ನು ಪಕ್ಕದ ಮನೆಯ ವಸಂತಿ ನೋಡಿಕೊಂಡಳು.

ಅಂಗಡಿಯವನು ನೂರು ತೆಗೆದು ಹರಡಿದ. “ಆಂಟೀ, ಕೋಟಿನ ಕಾಲರ್ ಎಷ್ಟು ಅಗಲವೋ ಟೈ ಅಷ್ಟೇ ಅಗಲ ತಗೊಳ್ಳಿ. ಬಣ್ಣ ಶರ್ಟಿಗಿಂತ ಡಾರ್ಕ್. ತುದಿ ಬೆಲ್ಟಿನ ಬಕಲ್ ಮುಟ್ಟಬೇಕು, ಮೇಲೂ ಅಲ್ಲ, ಕೆಳಗೂ ಅಲ್ಲ.”

“ನಿಂತಾಗಲಾ, ಕೂತಾಗಲಾ?”

“ನಿಂತಾಗ, ಆಂಟೀ.”

“ನಮ್ಮವರು ನಿಲ್ಲುವುದಿಲ್ಲ.”

ಕೈಯಲ್ಲಿದ್ದ ಟೈ ಕೆಳಗಿಟ್ಟ. ಆಮೇಲೆ ಮೆಲ್ಲಗೆ, “ಸಾಹೇಬರಿಗೆ ಯಾವ ಬಣ್ಣ ಇಷ್ಟ?”

ಸಂದೇಶ ನನ್ನ ಮುಖ ನೋಡಿದ. ನಾನು ಅವನದು. ಮೂವತ್ತಾರು ವರ್ಷದ ಸಂಸಾರ. ಬದನೆಕಾಯಿ ಆಗುವುದಿಲ್ಲ ಎಂದು ಗೊತ್ತು, ಕಾಫಿಗೆ ಒಂದು ಚಮಚ ಸಕ್ಕರೆ ಎಂದು ಗೊತ್ತು. ಬಣ್ಣ ಗೊತ್ತಿಲ್ಲ.

ದಿಶಾಳಿಗೆ ಫೋನು ಮಾಡಿದರೆ, ವೈನ್ ಕಲರ್, ಸ್ಟೇಜಿನ ಹೂವಿಗೆ ಮ್ಯಾಚ್ ಆಗುತ್ತದೆ ಎಂದಳು. ಅದನ್ನೇ ಕೊಂಡು ಬಂದೆವು. ಗಂಡನಿಗೋ ಹೂವಿಗೋ ಎಂದು ದಾರಿಯುದ್ದಕ್ಕೂ ಗೊಣಗಿದೆ.

ನವೆಂಬರ್ 22. ಬೆಳಗ್ಗೆ 11

ಆರಿಸಿದರು!! ಇವರೇ!

ತನ್ವಿ ಹೇಳಿಕೊಟ್ಟದ್ದು — ಹೌದಾ ಅಲ್ಲವಾ ಎಂದು ಕೇಳಬೇಡಿ, ಎರಡನ್ನೂ ಮುಂದೆ ಇಡಿ, ಕೈ ಹೇಳಲಿ. ಮಂಚದ ಮೇಲೆ ನೀಲಿ ಒಂದು, ವೈನ್ ಒಂದು ಇಟ್ಟೆ. ಎಡಗೈ ಹೋದದ್ದು ಸೀದಾ ನೀಲಿಗೆ. ಗಟ್ಟಿ ಹಿಡಿದುಕೊಂಡರು.

ದಿಶಾಳಿಗೆ ಹೇಳಿದರೆ ಅವಳದು ರಾಗ. “ಅಮ್ಮಾ, ಪ್ಲೀಸ್! ಅದ್ರಲ್ಲಿ ಕಂಪನಿ ಮಾರ್ಕ್ ಇದೆ. ಎಲ್ಲಾ ಫೋಟೋದಲ್ಲಿ ಪಪ್ಪ ಆಸಿಡಿಟಿ ಗುಳಿಗೆ ಮಾರ್ತಿರೋ ಥರಾ ಕಾಣ್ತಾರೆ.”

“ಗುಳಿಗೆ ಮಾರಿಯೇ ನಿನ್ನನ್ನು ಕಾಲೇಜು ಓದಿಸಿದ್ದು. ಅವರೇ ಆರಿಸಿದ್ದು ಅದು. ನೀನು ಯಾರು ಬೇಡ ಹೇಳ್ಲಿಕ್ಕೆ?”

ಅತ್ತಳು. ಅಳಲಿ. ಕೊನೆಗೆ ಒಪ್ಪಿದಳು.

ನವೆಂಬರ್ 23

ಸುಮ್ಮನಿರಬೇಕಿತ್ತು. ಸಂದೇಶನಿಗೆ ತೋರಿಸುವ ಹುಮ್ಮಸ್ಸಿನಲ್ಲಿ ಮತ್ತೆ ಎರಡನ್ನೂ ಇಟ್ಟೆ. ಈ ಸಲ ವೈನ್ ಎತ್ತಿಕೊಂಡರು. ಅದಲು ಬದಲು ಮಾಡಿ ಇಟ್ಟೆ. ನೀಲಿ. ಮತ್ತೆ ಬದಲಿಸಿದೆ. ವೈನ್.

ಎಡಗಡೆ ಯಾವುದಿದೆಯೋ ಅದು. ಕೈಗೆ ಹತ್ತಿರ ಇದ್ದದ್ದು. ಅಷ್ಟೇ.

ಸಂದೇಶ ಎರಡನ್ನೂ ಮಡಿಸಿಟ್ಟ. ದಿಶಾಳಿಗೆ ಹೇಳಿಲ್ಲ. ಯಾವ ಬಾಯಿಂದ ಹೇಳಲಿ?

ನವೆಂಬರ್ 27

ಕಳಂಬೋಲಿಯಿಂದ ಮುಂಡಪ್ಪ ಬಂದಿದ್ದರು. ಇವರ ಜೊತೆಯೇ ಕಂಪನಿಯಲ್ಲಿ ಇದ್ದವರು. ಗಂಟು ಹಾಕಿಕೊಡಿ ಎಂದು ನಾನೇ ಕರೆಸಿದ್ದು. ಬಂದವರೇ ಇವರ ಕಿವಿಯ ಬಳಿ “ರಘುಪತೀ, ಹೇಗುಂಟು?” ಎಂದು ಬೊಬ್ಬೆ.

“ಕಿವಿ ಸರಿ ಉಂಟು. ಕಿರುಚಬೇಡಿ.”

ತಮ್ಮ ಕುತ್ತಿಗೆಗೇ ಕಟ್ಟಿಕೊಂಡು, ಸಡಿಲಿಸಿ, ತಲೆಯಿಂದ ತೆಗೆದು ಕೊಟ್ಟರು. ಎರಡನ್ನೂ. ಕೇಳಿದೆ, ಇವರಾಗಿದ್ದರೆ ಯಾವುದು ಹಾಕುತ್ತಿದ್ದರು?

“ಎಂತ ಹೇಳುದು ವನಮಾಲಕ್ಕ. ಸಿಡುಕ ಡಾಕ್ಟ್ರ ಹತ್ರ ಹೋಗುವಾಗ ನೀಲಿ ಹಾಕ್ತಿದ್ದ. ನಗುವ ಡಾಕ್ಟ್ರಿಗೆ ಕೆಂಪು. ಮಗಳ ರಿಸೆಪ್ಷನ್ನಿಗೆ ಯಾವುದು ಅಂತ ಕಂಪನಿಯವರು ನಮಗೆ ಟ್ರೈನಿಂಗ್ ಕೊಡ್ಲಿಲ್ಲ.”

ನಾನು ನಕ್ಕೆ. ಇವರ ಮುಖ ನೋಡಿದೆ. ನಕ್ಕ ಹಾಗೆ ಇತ್ತು. ಬಾಯಿ ಒಂದು ಕಡೆ ಸೊಟ್ಟಗಿರುವುದರಿಂದ ಅದೂ ಗೊತ್ತಾಗುವುದಿಲ್ಲ.

ನವೆಂಬರ್ 30, ಭಾನುವಾರ. ಮಧ್ಯಾಹ್ನ 3.20

ಬರೆದಾದರೂ ತಲೆ ನೆಟ್ಟಗಾಗಲಿ.

ಸಂದೇಶ ಕಾರು ತರಲು ಕೆಳಗೆ ಹೋಗಿದ್ದಾನೆ. ಸ್ನಾನ, ಶೇವಿಂಗ್, ಪ್ಯಾಂಟು, ಬಿಳಿ ಶರ್ಟು — ಎಲ್ಲದಕ್ಕೂ ಒಡ್ಡಿಕೊಂಡರು. ವೈನ್ ಎಂದು ಕೊನೆಗೆ ನಾನೇ ತೀರ್ಮಾನಿಸಿದೆ. ಮಗಳಿಗಾದರೂ ಖುಷಿಯಾಗಲಿ. ತಲೆಯಿಂದ ತೂರಿಸಿದೆ, ಗಂಟು ಮೇಲೆ ಸರಿಸಿದೆ, ಕನ್ನಡಿ ಹಿಡಿದೆ. ಬಹಳ ಹೊತ್ತು ನೋಡಿದರು.

ಎಡಗೈ ಮೇಲೆ ಬಂತು. ಟೈ ಹಿಡಿದು ಕೆಳಗೆ ಜಗ್ಗಿದರು. ತುಟಿ ಅದುರಿತು.

“ಬೇ... ಬೇಡ.”

ಏಳು ತಿಂಗಳ ಮೇಲೆ ಒಂದು ಮಾತು! ಅಳು ಬಂತು, ನಗು ಬಂತು. ಓಡಿ ನೀಲಿ ತಂದೆ.

“ಇದಾ?”

“ಬೇಡ.”

“ಟೈಯೇ ಬೇಡವಾ? ಹಾಗೇ ಹೋಗುದಾ?”

“ಬೇಡ.”

“ಹೋಗುದೇ ಬೇಡವಾ?”

“ಬೇಡ.”

“ಸರಿ. ಮನೆಯಲ್ಲೇ ಇರ್ತೀರಾ?”

“ಬೇಡ.”

ಹ್ಞಾ ಹೋಗಿ ಬೇಡ ಬಂತು, ಅಷ್ಟೇಯೋ? ಆದರೆ ಹ್ಞಾ ಎನ್ನುವಾಗ ಎಲ್ಲೋ ನೋಡುತ್ತಿದ್ದವರು ಈಗ ನನ್ನನ್ನೇ ನೋಡುತ್ತಿದ್ದಾರೆ. ಬೆವರುತ್ತಿದ್ದಾರೆ. ನಾಲ್ಕು ನೂರು ಜನ, ಲೈಟು, ಗಾಲಿಕುರ್ಚಿಯಲ್ಲಿ ಎತ್ತಿ ಸ್ಟೇಜಿನ ಮೇಲೆ... ಅದು ಬೇಡವೋ? ಅಥವಾ ಇಷ್ಟು ದಿನ ಒಂದು ಟೈಗೋಸ್ಕರ ನಾನು ಕೊಟ್ಟ ಕಾಟ ಬೇಡವೋ? ಒತ್ತಾಯ ಮಾಡಿ ಕರೆದುಕೊಂಡು ಹೋದರೆ ಏಳು ತಿಂಗಳಿಗೆ ಆಡಿದ ಒಂದೇ ಮಾತನ್ನು ತುಳಿದ ಹಾಗೆ. ಬಿಟ್ಟರೆ, ಬರುತ್ತೇನೆ ಎನ್ನಲು ಬಾಯಿ ಇಲ್ಲದವರನ್ನು ಮಗಳ ಹತ್ತಿರ ಹೋಗದ ಹಾಗೆ ತಡೆದವಳು ನಾನಾಗುತ್ತೇನೆ.

ಕೆಳಗೆ ಹಾರ್ನ್. ದಿಶಾಳ ಫೋನು ರಿಂಗಾಗುತ್ತಿದೆ, ನಿಂತು ಮತ್ತೆ ರಿಂಗಾಗುತ್ತಿದೆ. ಎತ್ತಿ ಏನು ಹೇಳಲಿ? ನಿನ್ನ ಪಪ್ಪ ಮಾತಾಡಿದರು ಎಂದು ಹೇಳಲೋ, ನಿನ್ನ ಪಪ್ಪ ಬೇಡ ಎಂದರು ಎಂದು ಹೇಳಲೋ?