ಡ್ವೇನ್ ಒಯ್ದ ಕೋವಿ

ಅಪ್ಪಾ,

ನಿನ್ನ ಕೋವಿ ರಿಪೇರಿ ಆಯಿತು. ಗಂಡುಮಗ ಎಂದು ಅದನ್ನು ನೀನು ಡ್ವೇನ್‌ಗೆ ಕೊಟ್ಟೆ. ನೀನು ತೀರಿಹೋದ ಮೇಲೆ ಅವನು ದುರ್ಬೀನು ಕೂರಿಸಲು ಹೋಗಿ, ಅದರ ಉಕ್ಕಿನ ಮೈಗೆ ಸೊಟ್ಟಗೆ ತೂತು ಕೊರೆದು, ನನ್ನ ಗ್ಯಾರೇಜಿನಲ್ಲಿ ಬಿಸಾಕಿದ್ದ. ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸುವ ಶಕ್ತಿ ನನಗಿರಲಿಲ್ಲ. ಪಕ್ಕದ ಮನೆಯವರ ವೆಲ್ಡಿಂಗ್ ಯಂತ್ರ ತಂದು ತೂತು ಮುಚ್ಚಿದೆ, ಅರದಿಂದ ಉಜ್ಜಿದೆ. ನೀನು ಕೋವಿ ಬಿಚ್ಚುವಾಗ ಟಾರ್ಚ್ ಹಿಡಿಯಲು ಮಾತ್ರ ನಾನು ಬೇಕಾಗಿತ್ತು. ನೋಡಿ ನೋಡಿಯೇ ಕಲಿತಿದ್ದೆ.

ಕೋವಿ ಅಂಗಡಿಯ ಮುದುಕ ಹಾರ್ಲನ್‌ಗೆ ತೋರಿಸಿದೆ. "ಕೆಲಸ ಚೆನ್ನಾಗಿದೆ ಕಣಮ್ಮ. ಆದ್ರೆ ಬೆಂಕಿ ತಾಗಿ ಉಕ್ಕು ಮೆತ್ತಗಾಗಿರುತ್ತೆ. ಗೋಡೆಗೆ ನೇತುಹಾಕು. ಗುಂಡು ಹಾರಿಸಿದ್ರೆ ಮುಖಕ್ಕೇ ಸಿಡಿಯುತ್ತೆ."

ನಾಳೆ ಜಿಂಕೆ ಬೇಟೆಯ ಮೊದಲ ದಿನ, ಪೆನ್ಸಿಲ್ವೇನಿಯಾದಲ್ಲಿ ಶಾಲೆಗೂ ರಜೆ. ಇವತ್ತು ಡ್ವೇನ್ ಬಂದ.

"ರಿಪೇರಿ ಆಯ್ತಂತೆ. ಕೊಡಕ್ಕ, ಅಪ್ಪ ನಂಗೆ ಕೊಟ್ಟಿದ್ದು."

"ಹಾರಿಸ್ಬೇಡ ಕಣೋ, ಸಿಡಿಯುತ್ತೆ."

"ನಿಂಗೆ ಹೊಟ್ಟೆಕಿಚ್ಚು. ಅಪ್ಪ ಹೇಳ್ತಾನೇ ಇದ್ದ."

ಹೇಳುತ್ತಿದ್ದೆಯಾ, ಅಪ್ಪಾ?

ನಿನ್ನ ಹಳೇ ಕಂಬಳಿಯಲ್ಲಿ ಸುತ್ತಿಕೊಟ್ಟೆ. ಅವನು ಬಿಚ್ಚಿ ನೋಡಲಿಲ್ಲ. ನಾನು ಮಾಡಿದ್ದನ್ನು ನೋಡುವ ಅಭ್ಯಾಸ ನಿಮ್ಮಿಬ್ಬರಿಗೂ ಇರಲಿಲ್ಲ. ಗುಂಡು ಕೂರಿಸಿ ಹಾರಿಸುವ ಬೋಲ್ಟನ್ನು ನಾನು ಮೊದಲೇ ಕಳಚಿದ್ದೆ; ಅದು ನನ್ನ ಅಡುಗೆಮನೆಯಲ್ಲಿ, ಚಮಚಗಳ ಜೊತೆ ಇದೆ. ಅದಿಲ್ಲದೆ ಕೋವಿ ಬರೀ ಕೋಲು. ನಾಳೆ ಬೆಳಗ್ಗೆ ಹಿಮದಲ್ಲಿ ನಿಂತು ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ.

ಬೈಯಲಿ. ಬೈಯಲು ನಿನ್ನ ಮಗನಿಗೆ ಮುಖವಾದರೂ ಉಳಿದಿರುತ್ತದೆ.