ಉಪ್ಪು ಹಾಕದ ಕೋಸಂಬರಿ

ಬ್ಯಾಕೋಡು
೪-೧-೧೯೬೭

ಚಿ. ಸೌ. ಪುಷ್ಪಮ್ಮನಿಗೆ ನಿನ್ನ ಅಜ್ಜಿಯ ಆಶೀರ್ವಾದ. ನನ್ನ ಮೊಣಕಾಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಕಾಗದ ಬಂತು. ಬರೆದಿರುವುದು ಎರಡೇ ಮಾತು. ಸಂಕ್ರಾಂತಿಗೆ ಹಸಿಸೊಪ್ಪಿನ ಕೋಸಂಬರಿ ಮಾಡುವುದು ಹೇಗೆ ಅಂತ ಒಂದು; ಹಬ್ಬ ಮುಗಿದ ಮೇಲೆ ಅಪ್ಪನನ್ನು ಕೋಣಂದೂರಿಗೆ ಕಳಿಸಿ, ಮನೆಗೆ ಬಂದುಬಿಡುತ್ತೇನೆ ಅಂತ ಇನ್ನೊಂದು. ಮದುವೆಯಾಗಿ ಎಂಟು ತಿಂಗಳಾದರೂ ನಿನ್ನ ಅತ್ತೆ ವಿಶಾಲಮ್ಮ 'ಅದು ತಗಾ, ಇದು ಇಡು' ಅನ್ನುವುದು ಬಿಟ್ಟು ಬೇರೆ ಮಾತಾಡಿಲ್ಲವಂತೆ. ನೀನು ಮಾಡಿದ ಸಾರಿಗೆ ಬಾಯಿಗೂ ಇಡದೆ ಮತ್ತೆ ಉಪ್ಪು ಸುರಿಯುತ್ತಾಳಂತೆ.

ಮೊದಲು ಕೋಸಂಬರಿ ಹೇಳುತ್ತೇನೆ. ನಾನು ಓದಿದ್ದು ಎರಡನೇ ಕ್ಲಾಸು. ಕಾಗುಣಿತ ತಪ್ಪಿದರೆ ನಗಬೇಡ, ಸೊಪ್ಪು ತಪ್ಪುವುದಿಲ್ಲ.

ಹಬ್ಬದ ದಿನ ಪುರುಸೊತ್ತು ಸಿಗುವುದಿಲ್ಲ, ಹಿಂದಿನ ಸಂಜೆಯೇ ಮಾಡಿಡು. ನಿಮ್ಮ ಹಿತ್ತಲಲ್ಲಿ ಚಕ್ಕೋತದ ಮರ ಇದೆ. ಮದುವೆ ಮಾತಿಗೆ ಬಂದಾಗ ನಾನು ಮೊದಲು ನೋಡಿದ್ದು ಅದನ್ನೇ, ಹುಡುಗನನ್ನು ಆಮೇಲೆ. ಹಣ್ಣು ಸುಲಿದು ಬಿಳಿ ಸಿಪ್ಪೆಯನ್ನೆಲ್ಲ ತೆಗೆ, ಕಹಿ ಇರುವುದು ಅದರಲ್ಲಿ. ತೊಳೆ ಬಿಡಿಸಿ ಕಲ್ಲುಮರಿಗೆಯ ತಳಕ್ಕೆ ಹಾಕು. ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಕಿಲುಬು ಏಳುತ್ತದೆ. ಎಳೆ ಮೂಲಂಗಿ ಸೊಪ್ಪು, ಮೆಂತ್ಯ, ಒಂದೆಲಗ ತೊಳೆದು ಬಟ್ಟೆ ಮೇಲೆ ಹರವು, ನೀರಿನ ಪಸೆ ಪೂರ ಆರಲಿ. ಸಣ್ಣಗೆ ಹೆಚ್ಚಿ ಹಣ್ಣಿನ ಮೇಲೆ ಹರಡು, ಕಲಸಬೇಡ. ಬಾಳೆಲೆ ಮುಚ್ಚಿ ತಣ್ಣಗಿರುವ ಮೂಲೆಯಲ್ಲಿಡು. ತೆಂಗಿನತುರಿ, ಸಾಸಿವೆ ಒಗ್ಗರಣೆ ಬೆಳಗ್ಗೆ.

ಉಪ್ಪು ಮಾತ್ರ ಹಾಕಬೇಡ. ಉಪ್ಪು ಬಿದ್ದ ಸೊಪ್ಪು ಗಳಿಗೆಯಲ್ಲಿ ನೀರು ಬಿಟ್ಟು ಸೋತು ಮಲಗುತ್ತದೆ. ಎಲ್ಲರೂ ಎಲೆ ಮುಂದೆ ಕೂತ ಮೇಲೆ ಮರಿಗೆಯನ್ನು ವಿಶಾಲಮ್ಮನ ಮುಂದಿಟ್ಟು, ಉಪ್ಪು ನೀವೇ ಹಾಕಿ ಅತ್ತೆ ಅನ್ನು. ಹಬ್ಬದ ಅಡುಗೆಗೆ ಉಪ್ಪು ಹಾಕುವುದು ಮನೆಯ ಹಿರಿಯ ಹೆಂಗಸು, ಅದು ನಮ್ಮ ಮನೆಗಳ ರೂಢಿ. ಹೋದ ದಿನದಿಂದ ಒಂದು ಸಲವಾದರೂ ಅವಳನ್ನು ಕೇಳಿದ್ದೀಯಾ? ತಪ್ಪು ನನ್ನದೂ ಇದೆ. ಕೈ ಚುರುಕಿರಲಿ ಅಂತ ಹೇಳಿ ಕಳಿಸಿದೆ, ಕೇಳಿ ಮಾಡು ಅನ್ನಲಿಲ್ಲ.

ಅವಳ ಪರ ವಹಿಸುತ್ತಿದ್ದೇನೆ ಅಂದುಕೊಳ್ಳಬೇಡ. ಅತ್ತೆ ಅನ್ನುವ ಪ್ರಾಣಿ ಹೇಗೆ ಅಂತ ನನಗೆ ಗೊತ್ತು, ನಾನೂ ಒಬ್ಬಳು. ನಿನ್ನ ಅವ್ವ ಕನ್ನಮ್ಮ ಈ ಮನೆಗೆ ಬಂದ ಮೊದಲ ಸಂಕ್ರಾಂತಿಗೆ ಇದೇ ಕೋಸಂಬರಿ ಮಾಡಿ, ನನ್ನನ್ನು ಕೇಳದೆ ಉಪ್ಪು ಹಾಕಿದ್ದಳು. ರುಚಿ ನೋಡಿದೆ. ಚೆನ್ನಾಗಿತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ. ಅವಳು ಬಾವಿಗೆ ಹೋದಾಗ ಇನ್ನೊಂದು ಹಿಡಿ ಹಾಕಿ ಕಲಸಿಟ್ಟೆ. ಕೂತವರೆಲ್ಲ ಮುಖ ಕಿವುಚಿದರು. ನಿನ್ನ ಅಜ್ಜ ನನ್ನ ಕಡೆ ತಿರುಗಿ, 'ಏನೇ ಇದು, ಸೊಪ್ಪನ್ನ ಸಮುದ್ರದಾಗೆ ತೊಳ್ದು ತಂದ್ರಾ' ಅಂದರು. ನಾನು ಬೆಣ್ಣೆಯಂಥ ದನಿಯಲ್ಲಿ, 'ಹೊಸಬಳು, ಕಲೀತಾಳೆ ಬಿಡಿ' ಅಂದೆ. ಅವಳು ಮಿಕ್ಕಿದ್ದನ್ನು ತನ್ನ ಎಲೆಗೆ ಹಾಕಿಕೊಂಡು ಪೂರ ತಿಂದಳು.

ಇಪ್ಪತ್ತೆರಡು ವರ್ಷವಾಯಿತು, ಇದನ್ನು ಯಾರಿಗೂ ಹೇಳಿಲ್ಲ. ಅಂದಿನಿಂದ ಅವಳು ಹಬ್ಬದ ಯಾವ ಅಡುಗೆಗೂ ಉಪ್ಪು ಮುಟ್ಟಿಲ್ಲ. ರೂಢಿ ಕಲಿತಳು ಅಂತ ನಾನು ಬೀಗಿಕೊಂಡು ತಿರುಗಿದೆ.

ನಿನ್ನ ಅಪ್ಪ ಹಬ್ಬದ ಮಾರನೇ ದಿನ ಬೆಳಗಿನ ದೋಣಿ ದಾಟಿ, ಸಾಗರದಲ್ಲಿ ಬಸ್ಸು ಹಿಡಿದು ಬರುತ್ತಾನೆ. ವಿಶಾಲಮ್ಮ ಉಪ್ಪು ಹಾಕಿ ನಿನ್ನ ಎಲೆಗೂ ಬಡಿಸಿದ್ದರೆ ಅವನಿಗೆ ಊಟ ಹಾಕಿ ಕಳಿಸು. ಮರಿಗೆಯನ್ನು ಆಚೆ ತಳ್ಳಿದ್ದರೆ ಟ್ರಂಕು ತೆಗೆದುಕೊಂಡು ಬಾ. ಯಾಕೆ ಬಂದೆ ಅಂತ ನಾನು ಕೇಳುವುದಿಲ್ಲ. ಕೇಳುವವರಿಗೆ ನನ್ನ ಬಾಯಿ ಇದೆ.

ಇಂತಿ ನಿನ್ನ ಅಜ್ಜಿ,
ಗುತ್ಯಮ್ಮ

ಇನ್ನೊಂದು ಮಾತು: ವಿಳಾಸ ಬರೆಯಲು ಕಾಗದವನ್ನು ನಿನ್ನ ಅವ್ವನ ಕೈಗೆ ಕೊಟ್ಟೆ, ಬೇಕಂತಲೇ ಮಡಿಸದೆ. ಓದಿದಳು. ವಿಳಾಸ ಬರೆದು ಮುಗಿಸಿ, 'ಗೊತ್ತಿತ್ತು ಅತ್ತೆ. ಬಾವಿಯಿಂದ ಬಂದಾಗ ನಿಮ್ಮ ಬಳೆಗೆ ಸೊಪ್ಪು ಮೆತ್ಕಂಡಿತ್ತು' ಅಂದಳು. ಉಪ್ಪಿನ ಗಡಿಗೆ ಎತ್ತಿ ತಂದು ಅವಳ ಮುಂದಿಟ್ಟೆ. 'ಹಬ್ಬ ಬರ್ಲಿ, ನೋಡಾನ' ಅಂದಳು.