ಕೆಂಪು ರಿಬ್ಬನ್ನಿನ ಆಚೆಗಿನ ಶೌಚಾಲಯ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ತಮ್ಮ ಆಸ್ಪತ್ರೆಯ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ, ಹೆಂಗಸರು ಕಾಯುವ ಬೆಂಚುಗಳ ಎದುರಿಗೇ, ಹೊಚ್ಚ ಹೊಸ ಮಹಿಳಾ ಶೌಚಾಲಯವೊಂದಿದೆ. ಅದಕ್ಕೆ ಬೀಗ ಹಾಕಿದೆ. ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದೆ. ಪಕ್ಕದ ಗೋಡೆಯಲ್ಲಿ ಒಂದು ಕಲ್ಲಿನ ಫಲಕ, ಅದಕ್ಕೊಂದು ಪುಟ್ಟ ಪರದೆ. ಉದ್ಘಾಟನೆ ಇನ್ನೂ ಆಗಿಲ್ಲವಾದ್ದರಿಂದ ನಾವು ಅದನ್ನು ಬಳಸುವಂತಿಲ್ಲ. ಇದೇ ನನ್ನ ದೂರು. ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ಚಿಕ್ಕ ದೂರನ್ನು ಯಾರೂ ದೂರೆಂದೇ ಎಣಿಸುವುದಿಲ್ಲ ಎಂಬುದು ನನ್ನ ವೃತ್ತಿಯ ಅನುಭವ. ನಾನು ಕಚೇರಿಗಳ ಬೀದಿಯಲ್ಲಿ ಮೇಜು ಹಾಕಿಕೊಂಡು ಜನರ ಅರ್ಜಿಗಳನ್ನು ಟೈಪು ಮಾಡಿಕೊಡುವವಳು. ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಸಾಲನ್ನು ನನ್ನ ಬೆರಳುಗಳು ನಿದ್ದೆಯಲ್ಲೂ ಹೊಡೆಯುತ್ತವೆ. ಇಷ್ಟು ವರ್ಷ ಬೇರೆಯವರ ಸಂಕಟಕ್ಕೆ ಅಚ್ಚುಕಟ್ಟಾದ ಭಾಷೆ ತೊಡಿಸಿ ಕಳಿಸಿದ್ದೇನೆ. ಈಗ ಸ್ವಂತದ್ದು ಬಂದಿದೆ, ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು.

ನನಗೆ ಗರ್ಭಕಂಠದ ಕ್ಯಾನ್ಸರ್. ಈ ಮಾತನ್ನು ಇಷ್ಟು ಸ್ಪಷ್ಟವಾಗಿ ಬರೆಯುತ್ತಿರುವುದು ಇದೇ ಮೊದಲು, ಏಕೆಂದರೆ ನಮ್ಮ ಮನೆಯಲ್ಲಿ ಯಾರ ನಾಲಿಗೆಯೂ ಆ ಪದಕ್ಕೆ ಹೊರಳುವುದಿಲ್ಲ. ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು, ಕೂದಲೆಳೆಯಷ್ಟು ತೆಳುವಾದ ಮುಳ್ಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ನಿಖರ ಮನುಷ್ಯ. ಆದರೆ ಹೆಂಡತಿಯ ರೋಗ ಎಲ್ಲಿದೆ ಎಂದು ಹೇಳುವಲ್ಲಿ ಆ ನಿಖರತೆ ಎಲ್ಲಿ ಹೋಯಿತೋ ಕಾಣೆ. ಮೊದಲು ಅಂಗಡಿಯಲ್ಲಿ ಕೇಳಿದವರಿಗೆ “ಸ್ವಲ್ಪ ಹೊಟ್ಟೆ ತೊಂದ್ರೆ” ಎಂದರು. ಅದೂ ತೀರ ಹತ್ತಿರವಾಯಿತು ಅನ್ನಿಸಿರಬೇಕು, ಮುಂದಿನ ವಾರ “ಸೊಂಟ” ಎಂದರು. ಈಗ ರೋಗವು ಮರ್ಯಾದೆಗೆ ಅಂಜಿ ಇನ್ನೂ ಕೆಳಗಿಳಿದು ಮಂಡಿಯಲ್ಲಿ ಬಂದು ನಿಂತಿದೆ. ಎದುರುಮನೆಯ ಅಜ್ಜಿ ಮಂಡಿಗೆ ತಿಕ್ಕಲು ಎಣ್ಣೆ ತಂದುಕೊಟ್ಟರು. ಬೇಡ ಅನ್ನಲಾಗದೆ ತಿಕ್ಕಿಕೊಂಡೆ. ಮಂಡಿ ಈಗ ಬಹಳ ಚೆನ್ನಾಗಿದೆ.

ಚಿಕಿತ್ಸೆಯ ಬಗ್ಗೆ ನನ್ನ ತಕರಾರು ಏನೇನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗ ತಮ್ಮ ವೈದ್ಯೆ ಬೈಯಲಿಲ್ಲ, ಹೆದರಿಸಲಿಲ್ಲ, ತಡವಾಯಿತೆಂದು ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಕಾಗದದ ಮೇಲೆ ಚಿತ್ರ ಬಿಡಿಸಿ, ಮಗುವಿಗೆ ಅಕ್ಷರ ಕಲಿಸುವಷ್ಟು ಸಮಾಧಾನದಿಂದ ವಿವರಿಸಿದರು. ಗರ್ಭಕಂಠ ಇಲ್ಲಿದೆ, ಅದರ ಮುಂದೆ ಮೂತ್ರಕೋಶ, ಸುತ್ತ ಕರುಳು. ಮೂತ್ರಕೋಶ ತುಂಬಿದ್ದರೆ ಅದು ಕರುಳನ್ನು ಮೇಲಕ್ಕೆ ತಳ್ಳುತ್ತದೆ, ಆಗ ಕರುಳಿಗೆ ಕಿರಣ ತಾಗುವುದು ಕಡಿಮೆಯಾಗುತ್ತದೆ. ಆದ್ದರಿಂದ ಪ್ರತಿದಿನ ಚಿಕಿತ್ಸೆಗೆ ಮುನ್ನ ಒಮ್ಮೆ ಮೂತ್ರಕ್ಕೆ ಹೋಗಿ ಬರಬೇಕು, ಆಮೇಲೆ ಹೊಟ್ಟೆ ತುಂಬ ನೀರು ಕುಡಿಯಬೇಕು, ಆಮೇಲೆ ಸರದಿ ಬರುವವರೆಗೆ ತಡೆದುಕೊಂಡು ಕೂರಬೇಕು. ಕರೆಂಟು ಕೊಟ್ಟಾದ ಮೇಲೆ (ನಾವು ಬೆಂಚಿನವರು ವಿಕಿರಣಕ್ಕೆ ಹಾಗೆನ್ನುತ್ತೇವೆ) ಎದ್ದು ಓಡಬೇಕು. ಗಮನಿಸಿ, ಮಾನ್ಯರೇ. ತಮ್ಮದೇ ಆಸ್ಪತ್ರೆ ತನ್ನದೇ ವಿಜ್ಞಾನದ ಪ್ರಕಾರ ನಮ್ಮನ್ನು ಖಾಲಿ ಮಾಡಿಸಿ, ತುಂಬಿಸಿ, ಮತ್ತೆ ಖಾಲಿ ಮಾಡಿಸುತ್ತದೆ. ಇಂಥ ಚಿಕಿತ್ಸೆ ನಡೆಯುವ ಜಾಗದಲ್ಲಿ ಬೀಗ ಹಾಕಬಾರದ ಬಾಗಿಲು ಒಂದೇ ಒಂದಿತ್ತು. ತಾವು ಹುಡುಕಿ ಅದಕ್ಕೇ ಹಾಕಿದ್ದೀರಿ.

ಬಳಸಲು ಅನುಮತಿಯಿರುವ ಶೌಚಾಲಯ ಎಲ್ಲಿದೆ ಎಂಬುದು ತಮಗೆ ತಿಳಿದಿರಲಾರದು. ಮೆಟ್ಟಿಲಿಳಿದು, ಎಕ್ಸ್‌ರೇ ಕೋಣೆ ದಾಟಿ, ಔಷಧಿ ಕಿಟಕಿಯ ಸಾಲನ್ನು ಸೀಳಿಕೊಂಡು, ಕಟ್ಟಡದ ಇನ್ನೊಂದು ತುದಿಗೆ ಹೋಗಬೇಕು. ಅಲ್ಲಿ ಇನ್ನೊಂದು ಸಾಲು. ಹೋಗಿ ಬರುವಷ್ಟರಲ್ಲಿ ನಮ್ಮ ಸರದಿ ತಪ್ಪುತ್ತದೆ, ಮತ್ತೆ ಮೊದಲಿನಿಂದ ನೀರು ಕುಡಿದು ಕೊನೆಯವರಾಗಿ ಕೂರಬೇಕು. ಇನ್ನು ಯಂತ್ರಕ್ಕೂ ತನ್ನದೇ ಮರ್ಜಿ ಇದೆ. ಕೆಲವು ದಿನ ಹೊಸ ಸೊಸೆಯಷ್ಟು ಚುರುಕು, ಕೆಲವು ದಿನ ಎದ್ದೇಳುವುದೇ ಇಲ್ಲ. ಯಂತ್ರ ನಡೆಸುವ ಹುಡುಗಿ ಬಾಗಿಲಿನಿಂದ ಇಣುಕಿ “ಅಕ್ಕಂದಿರಾ, ಇನ್ನೊಂಚೂರು ತಡ್ಕೊಳ್ಳಿ, ಈಗ ಆಗೋಗುತ್ತೆ” ಎನ್ನುತ್ತಾಳೆ. ಪಾಪ, ಅವಳದೇನೂ ತಪ್ಪಿಲ್ಲ. ನಾವು ಕಾಲಮೇಲೆ ಕಾಲು ಹಾಕಿಕೊಂಡು, ಹಲ್ಲು ಕಚ್ಚಿಕೊಂಡು, ಎದುರಿನ ಹೊಸ ಬಾಗಿಲನ್ನೇ ನೋಡುತ್ತ ಕೂರುತ್ತೇವೆ. ಯಾರಾದರೂ ತಮಾಷೆ ಮಾಡಿದರೆ ಎಲ್ಲರೂ ಸೇರಿ ಬೈಯುತ್ತೇವೆ, ನಗುವುದು ಆಗ ಅಪಾಯ. ಇದರ ಮೇಲೆ ಈ ಚಿಕಿತ್ಸೆಯಿಂದ ಉರಿಮೂತ್ರ, ಭೇದಿ ಎಲ್ಲ ಬರುತ್ತವೆ. ಬರುತ್ತವೆಂದು ತಮ್ಮ ವೈದ್ಯೆಯೇ ಮುಂಚಿತವಾಗಿ ಎಚ್ಚರಿಸಿದ್ದಾರೆ. ಅವರು ಎಚ್ಚರಿಸಿದ್ದು ನಮ್ಮನ್ನು ಮಾತ್ರ, ತಮ್ಮನ್ನು ಎಚ್ಚರಿಸಲು ಮರೆತರೇನೋ!

ಆ ಬೀಗದ ಬಾಗಿಲಿನ ಹಿಂದೆ ಸಂಸಾರ ಬಹಳ ಸೊಗಸಾಗಿದೆಯೆಂದು ಕೇಳಿದ್ದೇನೆ. ಶುಚಿ ಮಾಡುವ ಹೆಂಗಸು ದಿನಾ ಬೆಳಿಗ್ಗೆ ಬೀಗ ತೆಗೆದು, ರಿಬ್ಬನ್ನಿನ ಕೆಳಗೆ ಬಗ್ಗಿ ಒಳಗೆ ನುಸುಳಿ, ಯಾರೂ ಕಾಲಿಡದ ನೆಲವನ್ನು ಒರೆಸಿ, ಯಾರೂ ಮುಖ ನೋಡಿಕೊಳ್ಳದ ಕನ್ನಡಿಯನ್ನು ಉಜ್ಜಿ, ಮತ್ತೆ ಬಗ್ಗಿ ಹೊರಬಂದು ಬೀಗ ಹಾಕುತ್ತಾಳೆ. ಉದ್ಘಾಟಿಸುವ ದೊಡ್ಡವರು ಯಾವ ದಿನ ಬೇಕಾದರೂ ಬರಬಹುದಲ್ಲ, ಸಿದ್ಧವಾಗಿರಲಿ ಎಂದು. ನಮಗೆ ಬಾಗಿಲ ಸಂದಿಯಿಂದ ಬರುವ ಫಿನಾಯಿಲ್ ಪರಿಮಳವಷ್ಟೇ ಪ್ರಾಪ್ತಿ.

ಒಂದು ದಿನ ತಡೆಯಲಾರದೆ (ಸಿಟ್ಟನ್ನು) ತಮ್ಮ ಕಚೇರಿಗೇ ಬಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು ಸಜ್ಜನರು, ಕುರ್ಚಿ ಕೊಟ್ಟು ಕೂರಿಸಿ ಮಾತನಾಡಿದರು.

“ಉದ್ಘಾಟನೆ ಆಗ್ದೆ ಹೇಗಮ್ಮಾ ತೆಗೆಯೋದು? ನೀವೆಲ್ಲ ಬಳಸಿಬಿಟ್ರೆ ಅದು ಹೊಸದು ಅಂತ ಆಮೇಲೆ ಯಾರು ನಂಬ್ತಾರೆ?”

“ಹಾಗಾದ್ರೆ ಬೇಗ ಉದ್ಘಾಟನೆ ಮಾಡಿಸಿಬಿಡಿ ಸ್ವಾಮಿ.”

“ಅದೇ ತೊಂದ್ರೆ ಆಗಿರೋದು. ಬರೀ ಹೆಂಗಸರ ಶೌಚಾಲಯ ಅಂದ್ರೆ ಅಷ್ಟು ದೊಡ್ಡವರನ್ನ ಕರೆಯೋಕೆ ಮುಜುಗರ. ಫೋಟೋ ಬೇರೆ ತೆಗೀತಾರೆ. ಜೊತೆಗೆ ಇನ್ನೊಂದೇನಾದ್ರೂ ಇದ್ರೆ ಶೋಭೆ. ಮುಂದುಗಡೆ ಕಾರು ನಿಲ್ಸೋಕೆ ಶೆಡ್ಡು ಆಗ್ತಿದೆಯಲ್ಲ, ಅದು ಮುಗೀಲಿ. ಎರಡೂ ಒಟ್ಟಿಗೆ ಮಾಡಿಬಿಡೋಣ ಅಂತ ಸಾಹೇಬ್ರು ಹೇಳಿದಾರೆ.”

ಬರುವಾಗ ಆ ಶೆಡ್ಡನ್ನು ನೋಡಿಕೊಂಡು ಬಂದೆ. ಕಂಬಗಳು ನಿಂತಿವೆ, ಚಾವಣಿಯ ಸುಳಿವಿಲ್ಲ. ಆ ಕಂಬಗಳ ನಡುವೆ ಒಂದು ಕಾರು ಆಗಲೇ ನಿಂತಿತ್ತು. ಉದ್ಘಾಟನೆಯಾಗದ ಶೆಡ್ಡಿನಲ್ಲಿ ಕಾರು ನಿಲ್ಲಬಹುದಾದರೆ ಉದ್ಘಾಟನೆಯಾಗದ ಶೌಚಾಲಯದಲ್ಲಿ ಹೆಂಗಸು ಕೂರಬಾರದೇಕೆ? ಅಂದಹಾಗೆ, ತಮ್ಮ ಕೊಠಡಿಗೆ ಹೊಂದಿಕೊಂಡಂತೆಯೂ ಒಂದು ಶೌಚಾಲಯವಿದೆಯೆಂದು ಗುಮಾಸ್ತರೇ ತಿಳಿಸಿದರು. ಅದನ್ನು ಯಾರು ಉದ್ಘಾಟಿಸಿದರು? ಭಾಷಣ ಯಾರದಿತ್ತು? ಅಲ್ಲಿಯವರೆಗೆ ತಾವು ಎಷ್ಟು ದಿನ ತಡೆದುಕೊಂಡಿರಿ?

ತಮಾಷೆ ಇಲ್ಲಿಗೆ ಸಾಕು. ಈಗ ಕತ್ತರಿ ಅಕ್ಕನ ವಿಷಯ ಹೇಳಬೇಕು, ಈ ಪತ್ರ ಬರೆಯುತ್ತಿರುವುದೇ ಆಕೆಗಾಗಿ.

ಕತ್ತರಿ ಅಕ್ಕ ಹೊಲಿಗೆಯವಳು. ಕೈಚೀಲದಲ್ಲಿ ಕತ್ತರಿ ಇಲ್ಲದೆ ಎಲ್ಲಿಗೂ ಹೊರಡುವವಳಲ್ಲ, ಹಾಗಾಗಿ ಬೆಂಚಿನವರು ಇಟ್ಟ ಹೆಸರು ಅದು. ಆಕೆಗೂ ನನ್ನದೇ ಕಾಯಿಲೆ, ನನ್ನದೇ ಹೊತ್ತಿನ ಸರದಿ. ತಮ್ಮ ಆಸ್ಪತ್ರೆ ನಮಗೆ ತೊಡಲು ಕೊಡುವ ನಿಲುವಂಗಿಗೆ ಬೆನ್ನಿನ ಕಡೆ ಲಾಡಿಗಳೇ ಇರಲಿಲ್ಲ. ಒಂದು ಕೈಯಲ್ಲಿ ಹಿಂದೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮುಂದೆ ಹಿಡಿದುಕೊಂಡು, ಕಳ್ಳರ ಹಾಗೆ ಯಂತ್ರದ ಕೋಣೆಗೆ ನಡೆಯುತ್ತಿದ್ದೆವು. ಅಕ್ಕ ಎರಡು ದಿನ ನೋಡಿದಳು. ಮೂರನೆಯ ದಿನ ಸೂಜಿ ದಾರ ತಂದು, ಕಾಯುತ್ತ ಕೂತಲ್ಲೇ ಎಲ್ಲ ನಿಲುವಂಗಿಗಳಿಗೂ ಲಾಡಿ ಹೊಲಿದುಬಿಟ್ಟಳು. “ರೋಗ ಬಂದ್ರೆ ಬರ್ಲಿ ಕಣೇ, ಬೆನ್ನು ಯಾಕೆ ಊರಿಗೆಲ್ಲ ತೋರಿಸ್ಬೇಕು?” ಎಂದಳು. ಅಂದಿನಿಂದ ನಾವು ಮನುಷ್ಯರಂತೆ ನಡೆದು ಹೋಗುತ್ತಿದ್ದೇವೆ.

ಯಂತ್ರ ಕೈಕೊಟ್ಟ ಒಂದು ಬೆಳಿಗ್ಗೆ ಸರದಿಯಲ್ಲಿ ಆಕೆಯೇ ಮೊದಲಿದ್ದಳು. ಹೇಳಿದಷ್ಟೂ ನೀರು ಕುಡಿದಿದ್ದಳು. ‘ಈಗ ಆಗುತ್ತೆ, ಈಗ ಆಗುತ್ತೆ’ ಎನ್ನುತ್ತ ಹೊತ್ತು ಸರಿಯಿತು. ಅಕ್ಕನ ಮಾತು ನಿಂತಿತು, ಆಮೇಲೆ ಹಣೆ ಬೆವರಿತು. ಕೆಳಗೆ ಹೋಗಿ ಬಾ ಅಕ್ಕಾ ಎಂದರೆ “ಈಗ ಎದ್ರೆ ಅಲ್ಲೀವರ್ಗೂ ತಡಿಯೋಕಾಗಲ್ಲ” ಎಂದಳು. ಕೊನೆಗೆ ಎದ್ದಳು. ಕೆಂಪು ರಿಬ್ಬನ್ನಿನ ಬಾಗಿಲವರೆಗೆ ಹೋಗಿ ಹಿಡಿಯನ್ನು ಒಮ್ಮೆ ಜಗ್ಗಿದಳು. ಅಲ್ಲೇ, ಆ ಬಾಗಿಲ ಮುಂದೆಯೇ, ನಮ್ಮೆಲ್ಲರ ಎದುರು, ನಮ್ಮನ್ನು ಕರೆತಂದ ಗಂಡಂದಿರ, ಅಳಿಯಂದಿರ ಎದುರು, ಅದು ಆಗಿಹೋಯಿತು. ಯಂತ್ರದ ಹುಡುಗಿ ಬಟ್ಟೆ ತರಲು ಓಡಿದಳು. ನಾನು ನನ್ನ ಶಾಲನ್ನು ಆಕೆಯ ಸೊಂಟಕ್ಕೆ ಸುತ್ತಿದೆ. ಅಕ್ಕ ನನ್ನ ಮುಖ ನೋಡಲಿಲ್ಲ. ಮೆಟ್ಟಿಲಿಳಿದು ಹೋದವಳು ಮತ್ತೆ ಬರಲೇ ಇಲ್ಲ.

ಒಂದು ವಾರ ದಾಟಿತು. ಈ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಗಡ್ಡೆ ಮತ್ತೆ ಚಿಗುರಲು ಅವಕಾಶ ಸಿಗುತ್ತದೆ, ಒಂದು ದಿನವೂ ತಪ್ಪಿಸಬೇಡಿ ಎಂದು ವೈದ್ಯೆ ನಮಗೆಲ್ಲ ಒತ್ತಿ ಒತ್ತಿ ಹೇಳಿದ್ದಾರೆ. ಅವರೇ ಫೋನು ಮಾಡಿಸಿದರೂ ಅಕ್ಕ ಎತ್ತಲಿಲ್ಲವಂತೆ. ನಾನು ಮನೆ ಹುಡುಕಿಕೊಂಡು ಹೋದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನನ್ನ ಶಾಲು ಒಗೆದು, ಇಸ್ತ್ರಿಯಾಗಿ, ಮಡಿಸಿ ಮೇಜಿನ ಮೇಲಿತ್ತು.

“ಶಾಲು ತಗೊಂಡ್ಹೋಗು” ಎಂದಳು.

“ನಾನು ಶಾಲಿಗೆ ಬಂದಿಲ್ಲ, ನಿನ್ನ ಕರ್ಕೊಂಡ್ಹೋಗೋಕೆ ಬಂದೆ. ಜೀವಕ್ಕಿಂತ ನಾಚಿಕೆ ದೊಡ್ಡದಾ ಅಕ್ಕಾ?”

ಆಕೆ ತಿರುಗುತ್ತಿದ್ದ ಚಕ್ರವನ್ನು ಕೈಯಿಟ್ಟು ನಿಲ್ಲಿಸಿದಳು. “ಜೀವದ ಮೇಲೆ ಆಸೆ ಇಲ್ಲ ಅಂದ್ಕೊಂಡ್ಯಾ? ಮಗಳ ಮಗುಗೆ ಇನ್ನೂ ಒಂದು ಅಂಗಿ ಹೊಲಿದಿಲ್ಲ ನಾನು. ಆದ್ರೆ ಆ ಬೆಂಚಿನ ಮೇಲೆ ಕೂತು ಆ ಬಾಗಿಲು ನೋಡೋಕೆ ನನ್ ಕೈಲಾಗಲ್ಲ ಕಣೇ. ಒಳಗಡೆ ಎಲ್ಲಾ ಇಟ್ಕೊಂಡು ಬೀಗ ಹಾಕಿದಾರಲ್ಲ, ಅದು ನನ್ನ ನೋಡಿ ನಕ್ಕಂಗಾಗುತ್ತೆ. ಆ ಬಾಗಿಲು ತೆಗೀಲಿ, ಅವತ್ತೇ ಬರ್ತೀನಿ.”

ನಾನು ಏನೇನೋ ಹೇಳಿದೆ, ಅತ್ತೆ, ಬೇಡಿಕೊಂಡೆ. ಕೊನೆಗೆ ಒಂದಿಷ್ಟು ಒಪ್ಪಿದ್ದಾಳೆ. ಬರುವ ಸೋಮವಾರ ನನ್ನ ಜೊತೆ ಆಸ್ಪತ್ರೆಯ ಗೇಟಿನವರೆಗೆ ಬರುತ್ತಾಳೆ. ನಾನು ಮೇಲೆ ಹೋಗಿ ನೋಡಿ ಬರಬೇಕು. ಬಾಗಿಲು ತೆರೆದಿದ್ದರೆ ಮೇಲೆ ಹತ್ತುತ್ತಾಳೆ. ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್ಸು.

ಇದರದೊಂದು ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಈ ಪತ್ರದ ಕರಡನ್ನು ಮನೆಯಲ್ಲಿ ಓದಿ ಹೇಳಿದಾಗ ನಮ್ಮ ಯಜಮಾನರು ಕಿವಿ ಕೆಂಪು ಮಾಡಿಕೊಂಡು “ಪೇಪರಿನಲ್ಲಿ ಬರುತ್ತಲ್ಲ, ಮಂಡಿ ಅಂತಾನೇ ಬರೆದ್ರೆ ಆಗಲ್ವಾ?” ಎಂದರು. “ಮಂಡಿ ನೋವಿನವರಿಗೆ ಶೌಚಾಲಯದ ಅವಸರ ಏನು ಅಂತ ಅಧೀಕ್ಷಕರು ಕೇಳಿದ್ರೆ ಏನು ಹೇಳ್ಲಿ?” ಎಂದೆ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ಗರ್ಭಕಂಠ ಅಂತಾನೇ ಇರ್ಲಿ. ಸರಿಯಾಗಿ ಬರಿ” ಎಂದರು. ಮದುವೆಯಾದಂದಿನಿಂದ ಅವರ ಬಾಯಿಂದ ಇಷ್ಟು ಒಳ್ಳೆಯ ಮಾತು ನಾನು ಕೇಳಿರಲಿಲ್ಲ. ಒಬ್ಬ ಗಡಿಯಾರ ರಿಪೇರಿಯವರಿಗೆ ಇಷ್ಟು ಧೈರ್ಯ ಬಂದಿರುವಾಗ ಇಡೀ ಆಸ್ಪತ್ರೆಯ ಮುಖ್ಯಸ್ಥರಿಗೆ ಬರಲಾರದೆಂದು ನಾನು ನಂಬುವುದಿಲ್ಲ.

ಆದ್ದರಿಂದ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ: ದೊಡ್ಡವರ ದಿನಾಂಕ ದೊಡ್ಡವರ ಬಳಿಯೇ ಇರಲಿ, ಶೆಡ್ಡು ನಿಧಾನವಾಗಿ ಏಳಲಿ. ಪರದೆ, ಫಲಕ, ಫೋಟೋ ಎಲ್ಲವನ್ನೂ ಆ ಶೆಡ್ಡಿಗೇ ಮೀಸಲಿಡಿ, ನಮಗೆ ಹೊಟ್ಟೆಕಿಚ್ಚಿಲ್ಲ. ಸೋಮವಾರ ಬೆಳಿಗ್ಗೆ ನಾನು ಮೆಟ್ಟಿಲು ಹತ್ತಿ ಬರುವಾಗ ಆ ಬಾಗಿಲ ಬಳಿ ತಾವು ನಿಂತಿರಬೇಕು. ಭಾಷಣ ಬೇಡ, ಹಾರ ಬೇಡ. ಕತ್ತರಿಯನ್ನೂ ತರಬೇಡಿ. ಅದು ಕೆಳಗೆ ಗೇಟಿನ ಹತ್ತಿರ ನಿಂತವಳ ಕೈಚೀಲದಲ್ಲಿ ಇದ್ದೇ ಇರುತ್ತದೆ, ರಿಬ್ಬನ್ನನ್ನು ಆಕೆಯೇ ಕತ್ತರಿಸುತ್ತಾಳೆ. ತಾವು ಕೀಲಿಯೊಂದನ್ನು ಮರೆಯದೆ ತನ್ನಿ.

ಇಂತಿ,
ಹೇಳಿದಷ್ಟೂ ನೀರು ಕುಡಿದು, ತಮ್ಮ ಬಾಗಿಲನ್ನೇ ನೋಡುತ್ತ ಕೂತಿರುವ,
ಮಂಡಿ ಮಾತ್ರ ಗಟ್ಟಿಮುಟ್ಟಾಗಿರುವ
ಅರ್ಜಿ ಟೈಪು ಮಾಡುವವಳು